ಸೋತ ಉಸಿರಿಗೆ ಆಸರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಾರನಿಗೆ ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಯಿತೋ ಇಲ್ಲವೋ ಎಂಬುದನ್ನು ತಿಳಿಯಲು ಅದನ್ನು ಒಡೆದು ನೋಡಬೇಕಾಗಿಲ್ಲ. ತಿಂಗಳುಗಟ್ಟಲೆ ಅಟ್ಟದಲ್ಲಿದ್ದ ಕಾಯನ್ನು ಕಿವಿಯ ಬಳಿ ಹಿಡಿದು ಅಲುಗಿಸುತ್ತಾನೆ. ನೀರು ತುಳುಕಿದರೆ ಇನ್ನೂ ಕಾಲ ಬಂದಿಲ್ಲ. ಒಣಗಿದ ಉಂಡೆ ಕರಟಕ್ಕೆ ಬಡಿದು ಗಟಗಟನೆ ಸದ್ದು ಮಾಡಿದರೆ ಸುಲಿಯಬಹುದು. ಹೊರಗಿನ ಸದ್ದಿನಿಂದ ಒಳಗಿನ ಸ್ಥಿತಿಯನ್ನು ಅರಿಯುವ ಈ ಜಾಣತನವು ವೈದ್ಯಶಾಸ್ತ್ರಕ್ಕೂ ಹೊಸದಲ್ಲ. ಆಸ್ಟ್ರಿಯಾ ದೇಶದ ಲಿಯೋಪೋಲ್ಡ್ ಆವೆನ್‌ಬ್ರುಗರ್ ಎಂಬ ವೈದ್ಯನ ತಂದೆ ಒಂದು ಊಟದ ವಸತಿಯನ್ನು ನಡೆಸುತ್ತಿದ್ದನು. ಪೀಪಾಯಿಯನ್ನು ಬೆರಳಿನಿಂದ ತಟ್ಟಿ ಒಳಗೆ ಮದ್ಯ ಎಷ್ಟು ಉಳಿದಿದೆಯೆಂದು ತಿಳಿಯುವುದನ್ನು ಮಗನು ಬಾಲ್ಯದಲ್ಲಿ ಕಂಡಿದ್ದನೆಂದೂ, ಅದೇ ಉಪಾಯವನ್ನು ರೋಗಿಯ ಎದೆಯ ಮೇಲೆ ಪ್ರಯೋಗಿಸಿದನೆಂದೂ ಹೇಳುತ್ತಾರೆ. ಈ ವಿಧಾನವನ್ನು ಕುರಿತ ಅವನ ಗ್ರಂಥ ೧೭೬೧ರಲ್ಲಿ ಹೊರಬಂದಿತು. ಗಾಳಿ ತುಂಬಿದ ಎದೆಯನ್ನು ತಟ್ಟಿದರೆ ಟೊಳ್ಳು ಸದ್ದು, ದ್ರವ ತುಂಬಿದ ಎದೆಯನ್ನು ತಟ್ಟಿದರೆ ಮಂದ ಸದ್ದು.

ಕಾಯಿಯಲ್ಲಿ ನೀರು ಆರಿ ಗಾಳಿಗೆ ಎಡೆಯಾದರೆ ಅದಕ್ಕೆ ಬೆಲೆ. ಕೊರೋನಾ ಬೇನೆ ಉಲ್ಬಣಿಸಿದ ಶ್ವಾಸಕೋಶದಲ್ಲಿ ನಡೆಯುವುದು ಇದಕ್ಕೆ ತೀರ ವಿರುದ್ಧವಾದ ಕ್ರಿಯೆ: ಗಾಳಿಯಿರಬೇಕಾದ ಎಡೆಯಲ್ಲಿ ನೀರು ಸೇರುತ್ತದೆ. ತೀವ್ರ ನಿಗಾ ಘಟಕದಲ್ಲಿ ನಡೆಯುವ ಚಿಕಿತ್ಸೆಯೆಲ್ಲವೂ ಈ ಒಂದು ಸಂಗತಿಯ ಸುತ್ತ ಹೆಣೆದುಕೊಂಡಿದೆ.

೨೦೧೯ರ ಕೊನೆಯಲ್ಲಿ ಚೀನಾದ ವೂಹಾನ್ ನಗರದಲ್ಲಿ ಕಾಣಿಸಿಕೊಂಡ ಈ ವೈರಸ್ಸು ಕೆಲವೇ ತಿಂಗಳಲ್ಲಿ ಭೂಮಂಡಲವನ್ನು ವ್ಯಾಪಿಸಿತು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಗದ್ವ್ಯಾಪಿ ಪಿಡುಗೆಂದು ಸಾರಿದ್ದು ೨೦೨೦ರ ಮಾರ್ಚ್ ೧೧ರಂದು. ಅದರ ಹಿಂದಿನ ದಿನ ಮೃತಪಟ್ಟ ಕಲಬುರಗಿಯ ವೃದ್ಧರೊಬ್ಬರು ಭಾರತದಲ್ಲಿ ಈ ರೋಗಕ್ಕೆ ಮೊದಲ ಬಲಿ ಎಂಬುದು ಅನಂತರ ದೃಢಪಟ್ಟಿತು. ಮೊದಮೊದಲು ಚೀನಾದಿಂದ ಬಂದ ಲೆಕ್ಕದ ಪ್ರಕಾರ ರೋಗ ಗೊತ್ತಾದ ನೂರು ಮಂದಿಯಲ್ಲಿ ಸುಮಾರು ೮೦ ಮಂದಿಗೆ ಬೇನೆ ಸೌಮ್ಯವಾಗಿತ್ತು. ೧೪ ಮಂದಿಗೆ ತೀವ್ರವಾಗಿತ್ತು. ೫ ಮಂದಿಯ ಪ್ರಾಣಕ್ಕೆ ಸಂಚಕಾರ ಬಂದಿತ್ತು. ಲಸಿಕೆಗಳಿಂದಲೂ, ಒಮ್ಮೆ ಬಂದುಹೋದ ಸೋಂಕಿನಿಂದಲೂ ಈ ಪ್ರಮಾಣ ಮುಂದೆ ಬಹಳ ಇಳಿಯಿತು. ನಮ್ಮ ಲೇಖನದ ವಿಷಯ ಆ ಕೊನೆಯ ಗುಂಪಿನವರು.

ನಮ್ಮ ಶ್ವಾಸಕೋಶಗಳಲ್ಲಿ ಮೂವತ್ತು ಕೋಟಿಗೂ ಮಿಕ್ಕು ವಾಯುಕೋಶಗಳಿವೆ. ಅವನ್ನೆಲ್ಲ ಬಿಡಿಸಿ ಹರಡಿದರೆ ಸುಮಾರು ೭೦ ಚದರ ಮೀಟರು ನೆಲವನ್ನು ಮುಚ್ಚಬಹುದು. ಒಂದು ಸಾಧಾರಣ ಮನೆಯ ವಿಸ್ತಾರ. ವಾಯುಕೋಶದ ಗೋಡೆ ಎಷ್ಟು ತೆಳುವೆಂದರೆ ಗಾಳಿಗೂ ರಕ್ತಕ್ಕೂ ನಡುವಣ ಅಂತರ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ. ಈ ಗೋಡೆಯಲ್ಲಿರುವ ಒಂದು ಜಾತಿಯ ಜೀವಕಣಗಳು ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನಂಥ ಪದಾರ್ಥವನ್ನು ಸ್ರವಿಸುತ್ತವೆ. ಅದರ ಕೆಲಸವನ್ನು ತಿಳಿಯಲು ಬೆಲೂನನ್ನು ನೆನೆದರೆ ಸಾಕು. ಹೊಸ ಬೆಲೂನನ್ನು ಊದಲು ಮೊದಲ ಉಸಿರಿಗೇ ಹೆಚ್ಚು ಬಲ ಬೇಕು. ತುಸು ಹಿಗ್ಗಿದ ಮೇಲೆ ಸುಲಭ. ದ್ರವದ ತೆಳುಪೊರೆಯಿಂದ ಆದ ಗುಳ್ಳೆಗೂ ಹೀಗೆಯೇ: ಅದು ಚಿಕ್ಕದಾದಷ್ಟೂ ಮುದುಡಿಕೊಳ್ಳುವ ಒತ್ತಡ ಹೆಚ್ಚು. ಸರ್ಫ್ಯಾಕ್ಟೆಂಟ್ ಆ ಪೊರೆಯ ಸೆಳೆತವನ್ನು ತಗ್ಗಿಸಿ ವಾಯುಕೋಶಗಳು ಮುದುಡದಂತೆ ನೋಡಿಕೊಳ್ಳುತ್ತದೆ. ಕೊರೋನಾ ವೈರಸ್ಸು ಹೊಕ್ಕು ಹಾಳುಗೆಡಹುವುದು ಮುಖ್ಯವಾಗಿ ಈ ಜೀವಕಣಗಳನ್ನೇ. ಅವು ಸತ್ತ ಮೇಲೆ ವಾಯುಕೋಶಗಳು ಮುದುಡುತ್ತವೆ; ಉರಿಯೂತದಿಂದ ರಕ್ತನಾಳಗಳು ಸೋರಿ ದ್ರವ ಒಸರುತ್ತದೆ. ಈ ಸ್ಥಿತಿ ಕೊರೋನಾಕ್ಕೇ ವಿಶಿಷ್ಟವಾದುದಲ್ಲ. ಅಮೆರಿಕದ ಆಷ್‌ಬಾ ಮತ್ತು ಸಂಗಡಿಗರು ೧೯೬೭ರಲ್ಲಿಯೇ ಇದನ್ನು ವರ್ಣಿಸಿದ್ದರು.

ಇನ್ನು ರಕ್ತದ ಮಾತು. ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ನಿನ ನೂರು ಪಾಲಿನಲ್ಲಿ ಎಷ್ಟು ಪಾಲು ಆಮ್ಲಜನಕವನ್ನು ಹೊತ್ತಿದೆ ಎಂಬುದಕ್ಕೆ ಸಂತೃಪ್ತಿಯೆಂದು ಹೆಸರು. ಆರೋಗ್ಯವಂತನಲ್ಲಿ ಇದು ೯೫ರಿಂದ ೧೦೦. ತಿಪಟೂರು ಸಮುದ್ರಮಟ್ಟದಿಂದ ಸುಮಾರು ೮೫೦ ಮೀಟರು ಎತ್ತರದಲ್ಲಿದೆ. ಅಲ್ಲಿ ವಾಯುವಿನ ಒತ್ತಡ ೭೬೦ರ ಬದಲು ಸುಮಾರು ೬೮೭ ಮಿಲಿಮೀಟರು ಪಾದರಸದಷ್ಟು. ಅದರಲ್ಲಿ ಆಮ್ಲಜನಕದ ಪಾಲು ೧೬೦ರ ಬದಲು ೧೪೪. ಆದರೂ ತಿಪಟೂರಿನವರ ರಕ್ತದಲ್ಲಿ ಹೇಳಿಕೊಳ್ಳುವಂಥ ಕೊರತೆ ಕಾಣುವುದಿಲ್ಲ. ಏಕೆಂದರೆ ಆಮ್ಲಜನಕದ ಒತ್ತಡಕ್ಕೂ ಸಂತೃಪ್ತಿಗೂ ಇರುವ ಸಂಬಂಧ ನೇರವಾದ ಗೆರೆಯಲ್ಲ. ನಕ್ಷೆ ಬರೆದರೆ ಅದು ಮೇಲ್ಭಾಗದಲ್ಲಿ ಬಯಲಿನಂತೆ ಸಮತಟ್ಟು; ರಕ್ತದಲ್ಲಿನ ಒತ್ತಡ ೧೦೦ರಿಂದ ೬೦ಕ್ಕೆ ಇಳಿದರೂ ಸಂತೃಪ್ತಿ ೯೭ರಿಂದ ೯೦ಕ್ಕೆ ಮಾತ್ರ ಇಳಿಯುತ್ತದೆ. ಅಲ್ಲಿಂದ ಮುಂದೆ ಕಡಿದಾದ ಇಳಿಜಾರು. ೯೦ ಎಂಬ ಸಂಖ್ಯೆಗೆ ವೈದ್ಯರು ಅಷ್ಟೊಂದು ಬೆಲೆ ಕೊಡುವುದು ಆ ಇಳಿಜಾರಿನ ಅಂಚು ಅದೇ ಆದುದರಿಂದ. ನಮ್ಮ ದೇಶದ ನಿಯಮಾವಳಿಯಲ್ಲಿ ೯೦ರಿಂದ ೯೩ರವರೆಗೆ ಮಧ್ಯಮ ಬೇನೆ, ೯೦ಕ್ಕಿಂತ ಕೆಳಗೆ ತೀವ್ರ ಬೇನೆ ಎಂದು ವಿಂಗಡಿಸಿದ್ದರು.

ಸಂತೃಪ್ತಿ ಇಳಿದರೆ ಏದುಸಿರು ಬರುವುದಿಲ್ಲವೇ, ರೋಗಿಗೇ ತಿಳಿಯುವುದಿಲ್ಲವೇ ಎಂದು ಓದುಗರು ಕೇಳಬಹುದು. ಅನೇಕರಿಗೆ ತಿಳಿಯಲಿಲ್ಲ, ಅದೇ ಈ ರೋಗದ ಕಪಟ. ಉಸಿರುಕಟ್ಟಿದ ಸಂಕಟವನ್ನು ನಮ್ಮಲ್ಲಿ ಹುಟ್ಟಿಸುವುದು ಮುಖ್ಯವಾಗಿ ಆಮ್ಲಜನಕದ ಕೊರತೆಯಲ್ಲ, ಇಂಗಾಲದ ಡೈಆಕ್ಸೈಡಿನ ಹೆಚ್ಚಳ. ಈ ಅನಿಲ ಆಮ್ಲಜನಕಕ್ಕಿಂತ ಸುಮಾರು ಇಪ್ಪತ್ತು ಪಟ್ಟು ಸುಲಭವಾಗಿ ಪೊರೆಗಳನ್ನು ದಾಟಬಲ್ಲುದು. ಆದಕಾರಣ ಅರ್ಧ ಕೆಟ್ಟ ಶ್ವಾಸಕೋಶದಿಂದಲೂ ಅದು ಹೊರಬೀಳುತ್ತಿರುತ್ತದೆ; ಆಮ್ಲಜನಕ ಮಾತ್ರ ಒಳಸೇರದು. ಸಂತೃಪ್ತಿ ೮೦ಕ್ಕೆ ಇಳಿದಿದ್ದರೂ ಹಾಸಿಗೆಯ ಮೇಲೆ ಕುಳಿತು ಮಾತನಾಡುತ್ತಿದ್ದ ರೋಗಿಗಳನ್ನು ಜಗತ್ತಿನಾದ್ಯಂತ ವೈದ್ಯರು ಕಂಡರು. ಇಂಥವರನ್ನು ಪತ್ತೆಹಚ್ಚಿದ್ದು ಬೆರಳಿನ ತುದಿಗೆ ಕಚ್ಚಿಸುವ ಪಲ್ಸ್ ಆಕ್ಸಿಮೀಟರ್ ಎಂಬ ಪುಟ್ಟ ಯಂತ್ರ. ಆಮ್ಲಜನಕವನ್ನು ಹೊತ್ತ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಹೆಚ್ಚಾಗಿ ಹಾಯಗೊಡುತ್ತದೆ; ಬರಿಗೈಯಾದುದು ಅದನ್ನು ಹೀರಿಕೊಳ್ಳುತ್ತದೆ. ಕೆಂಪು ಮತ್ತು ಅವಕೆಂಪು ಕಿರಣಗಳನ್ನು ಬೆರಳಿನ ಮೂಲಕ ಹಾಯಿಸಿ, ನಾಡಿಯೊಡನೆ ಏರಿಳಿಯುವ ಭಾಗವನ್ನು ಮಾತ್ರ ಆರಿಸಿಕೊಂಡು ಲೆಕ್ಕ ಮಾಡುವ ಈ ಉಪಾಯವನ್ನು ೧೯೭೦ರ ದಶಕದ ಮೊದಲಲ್ಲಿ ಕಂಡುಹಿಡಿದವರು ಜಪಾನಿನ ತಾಕುವೊ ಆಓಯಾಗಿ. ಜಗತ್ತಿಗೆ ಆ ಯಂತ್ರ ಅತ್ಯಗತ್ಯವಾಗಿದ್ದ ೨೦೨೦ರ ಏಪ್ರಿಲಿನಲ್ಲಿಯೇ ಅವರು ತೀರಿಕೊಂಡರು. ಯಂತ್ರಕ್ಕೂ ಮಿತಿಯುಂಟು: ಉಗುರಿನ ಬಣ್ಣ, ತಣ್ಣಗಾದ ಬೆರಳು ಅದನ್ನು ತಪ್ಪುದಾರಿಗೆ ಎಳೆಯಬಹುದು; ಕಪ್ಪು ಚರ್ಮದವರಲ್ಲಿ ಅದು ಕೆಲವೊಮ್ಮೆ ನಿಜಕ್ಕಿಂತ ಹೆಚ್ಚಿನ ಅಂಕಿಯನ್ನು ತೋರಿಸುತ್ತದೆ.

ಸಂತೃಪ್ತಿ ಇಳಿದವನಿಗೆ ಮೊದಲ ಮದ್ದು ಆಮ್ಲಜನಕವೇ. ಇಲ್ಲಿ ವಿದ್ಯಾರ್ಥಿಗಳು ತಾವೇ ಮಾಡಬಹುದಾದ ಲೆಕ್ಕವೊಂದಿದೆ. ಆಸ್ಪತ್ರೆಯ ದೊಡ್ಡ ಸಿಲಿಂಡರಿನಲ್ಲಿ ಸುಮಾರು ೭ ಘನ ಮೀಟರು, ಎಂದರೆ ೭೦೦೦ ಲೀಟರು ಅನಿಲವಿರುತ್ತದೆ. ರೋಗಿಗೆ ನಿಮಿಷಕ್ಕೆ ೧೦ ಲೀಟರು ಬೇಕಾದರೆ ಅದು ಹನ್ನೊಂದೂ ಮುಕ್ಕಾಲು ಗಂಟೆಗೆ ಹತ್ತಿರ ಬರುತ್ತದೆ. ಮೂಗಿನ ಕೊಳವೆಯಿಂದ ನಿಮಿಷಕ್ಕೆ ೬೦ ಲೀಟರಿನವರೆಗೆ ರಭಸವಾಗಿ ಹಾಯಿಸುವ ಸಲಕರಣೆಗೆ ಜೋಡಿಸಿ ಶುದ್ಧ ಆಮ್ಲಜನಕವನ್ನೇ ಕೊಡಬೇಕಾದರೆ ಎರಡು ಗಂಟೆಯೂ ಬಾರದು. ಇನ್ನು ಆಂಬುಲೆನ್ಸಿನ ಚಿಕ್ಕ ಸಿಲಿಂಡರು: ೧೫೦೦ ಲೀಟರು. ನಿಮಿಷಕ್ಕೆ ೧೫ ಲೀಟರಿನಂತೆ ೧೦೦ ನಿಮಿಷ. ತಿಪಟೂರಿನಿಂದ ತುಮಕೂರಿಗೆ ಸುಮಾರು ೭೦ ಕಿಲೋಮೀಟರು, ಬೆಂಗಳೂರಿಗೆ ಅದರ ಇಮ್ಮಡಿ. ಒಂದೇ ಸಿಲಿಂಡರನ್ನು ನಂಬಿ ಹೊರಟರೆ ತುಮಕೂರಿನ ಜಿಲ್ಲಾ ಆಸ್ಪತ್ರೆಯನ್ನು ತಲಪಬಹುದು. ಅಲ್ಲಿ ಹಾಸಿಗೆಯಿಲ್ಲವೆಂದು ಬೆಂಗಳೂರಿನ ಕಡೆಗೆ ತಿರುಗಿದರೆ ದಾರಿಯಲ್ಲಿಯೇ ಅನಿಲ ಮುಗಿಯುತ್ತದೆ. ತುರುವೇಕೆರೆಯವರಿಗೆ ಬೆಳ್ಳೂರಿನ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದಕ್ಕಿಂತ ಹತ್ತಿರ. ರೋಗಿಯನ್ನು ಎತ್ತ ಕೊಂಡೊಯ್ಯಬೇಕೆಂಬ ನಿರ್ಧಾರದಲ್ಲಿ ಇಂಥ ಸರಳ ಭಾಗಾಕಾರಕ್ಕೆ ದೊಡ್ಡ ಪಾತ್ರವಿತ್ತು.

೨೦೨೧ರ ಏಪ್ರಿಲ್ ಮೇ ತಿಂಗಳುಗಳ ಎರಡನೆಯ ಅಲೆಯಲ್ಲಿ ಈ ಲೆಕ್ಕ ನಾಡಿಗೆ ನಾಡೇ ಮಾಡಬೇಕಾಗಿ ಬಂದಿತು. ಮೇ ೨ರಿಂದ ೩ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ೨೪ ಮಂದಿ ರೋಗಿಗಳು ಮೃತಪಟ್ಟರು. ಆಮ್ಲಜನಕದ ಅಭಾವವು ಎಲ್ಲರ ಬಾಯಲ್ಲಿಯೂ ಮಾತಾಯಿತು. ಮೇ ೫ರಂದು ಕರ್ನಾಟಕದ ಉಚ್ಚ ನ್ಯಾಯಾಲಯವು ರಾಜ್ಯದ ಪಾಲನ್ನು ದಿನಕ್ಕೆ ೧೨೦೦ ಟನ್ನಿಗೆ ಏರಿಸಬೇಕೆಂದು ಕೇಂದ್ರಕ್ಕೆ ಆಜ್ಞಾಪಿಸಿತು. ಮೇ ೧೧ರಂದು ಜಮ್ಷೆಡ್‌ಪುರದ ಕಡೆಯಿಂದ ಹೊರಟ ರೈಲುಗಾಡಿಯೊಂದು ೧೨೦ ಟನ್ ದ್ರವ ಆಮ್ಲಜನಕವನ್ನು ಬೆಂಗಳೂರಿಗೆ ತಂದಿತು. ಅನಿಲವಾಗಿ ತರಬೇಕಾಗಿದ್ದರೆ ಅದಕ್ಕೆ ಸುಮಾರು ೧೨,೦೦೦ ದೊಡ್ಡ ಸಿಲಿಂಡರುಗಳು ಬೇಕಾಗುತ್ತಿದ್ದುವು. ಸೊನ್ನೆಗಿಂತ ೧೮೩ ಡಿಗ್ರಿ ಕೆಳಗೆ ತಣಿಸಿ ದ್ರವವಾಗಿಸಿದುದರಿಂದ ಆರು ತೊಟ್ಟಿಗಳಲ್ಲಿ ಅಡಗಿತು.

ಆಮ್ಲಜನಕವನ್ನು ಅಲ್ಲಲ್ಲಿಯೇ ಗಾಳಿಯಿಂದ ಬೇರ್ಪಡಿಸುವ ಘಟಕಗಳನ್ನು ಅನಂತರ ದೇಶದ ನಾನಾ ಆಸ್ಪತ್ರೆಗಳಲ್ಲಿ ಸ್ಥಾಪಿಸಿದರು. ಅವುಗಳ ತತ್ತ್ವ ತೆಂಗಿನ ನಾಡಿನವರಿಗೆ ಅಪರಿಚಿತವಾಗಿರಬೇಕಾಗಿಲ್ಲ. ಕರಟವನ್ನು ಸುಟ್ಟು, ಹಬೆಯಿಂದ ಹದಗೊಳಿಸಿದ ಇದ್ದಿಲಿನ ಒಂದು ಗ್ರಾಮಿನಲ್ಲಿ ಸೂಕ್ಷ್ಮ ರಂಧ್ರಗಳ ಗೋಡೆಗಳೆಲ್ಲ ಸೇರಿ ಸಾವಿರ ಚದರ ಮೀಟರಿನಷ್ಟು ಮೈ ಇರುತ್ತದೆ. ಅನಿಲದ ಅಣುಗಳು ಆ ಮೈಗೆ ಅಂಟಿಕೊಳ್ಳುತ್ತವೆ. ಒಂದನೆಯ ಮಹಾಯುದ್ಧದಲ್ಲಿ ವಿಷಾನಿಲವನ್ನು ತಡೆಯುವ ಮುಖವಾಡಗಳಿಗೆ ತುಂಬಿದ್ದು ಇದೇ ಕರಟದ ಇದ್ದಿಲು. ಆಮ್ಲಜನಕದ ಘಟಕದಲ್ಲಿ ಇದ್ದಿಲಿನ ಬದಲು ಜಿಯೋಲೈಟ್ ಎಂಬ ಖನಿಜವಿರುತ್ತದೆ. ಗಾಳಿಯನ್ನು ಒತ್ತಿ ಹಾಯಿಸಿದಾಗ ಅದು ಸಾರಜನಕವನ್ನು ಹಿಡಿದಿಟ್ಟು ಆಮ್ಲಜನಕವನ್ನು ಮುಂದೆ ಬಿಡುತ್ತದೆ. ಒತ್ತಡ ಇಳಿಸಿದಾಗ ಹಿಡಿದುದನ್ನು ಬಿಟ್ಟುಕೊಡುತ್ತದೆ. ಎರಡು ಕಂಬಗಳು ಸರದಿಯ ಮೇಲೆ ದುಡಿದರೆ ನೂರಕ್ಕೆ ೯೩ರಷ್ಟು ಶುದ್ಧವಾದ ಆಮ್ಲಜನಕ ನಿರಂತರವಾಗಿ ದೊರೆಯುತ್ತದೆ. ಉಳಿದುದರಲ್ಲಿ ಬಹುಪಾಲು ಆರ್ಗಾನ್. ಅದರಿಂದ ರೋಗಿಗೆ ಕೇಡಿಲ್ಲ.

ಆಮ್ಲಜನಕವೊಂದೇ ಸಾಲದೆ ಹೋದಾಗ ತೀವ್ರ ನಿಗಾ ಘಟಕದ ಬಾಗಿಲು ತೆರೆಯಬೇಕಾಗುತ್ತದೆ. ಅಂಥ ಘಟಕವೆಂಬ ಕಲ್ಪನೆಯೇ ಇನ್ನೊಂದು ಸಾಂಕ್ರಾಮಿಕದಿಂದ ಹುಟ್ಟಿತು. ೧೯೫೨ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿ ನೂರಾರು ಮಕ್ಕಳೂ ತರುಣರೂ ಉಸಿರಾಟದ ಸ್ನಾಯುಗಳು ಸೋತು ಬ್ಲೆಗ್‌ಡಾಮ್ ಆಸ್ಪತ್ರೆಗೆ ಬಂದರು. ಆಗ ಇದ್ದುದು ಅಮೆರಿಕದ ಫಿಲಿಪ್ ಡ್ರಿಂಕರ್ ೧೯೨೮ರಲ್ಲಿ ರೂಢಿಗೆ ತಂದ ಕಬ್ಬಿಣದ ಶ್ವಾಸಕೋಶ ಮತ್ತು ಅದರ ಸಂಬಂಧಿ ಯಂತ್ರಗಳು, ಅವೂ ಬೆರಳೆಣಿಕೆಯಷ್ಟು. ಮೊದಲ ವಾರಗಳಲ್ಲಿ ಯಂತ್ರಕ್ಕೆ ಹಾಕಿದ ೩೧ ರೋಗಿಗಳಲ್ಲಿ ೨೭ ಮಂದಿ ಸತ್ತರು. ಸಾಯುವವರ ರಕ್ತದಲ್ಲಿ ಬೈಕಾರ್ಬೊನೇಟು ಏರಿದ್ದುದನ್ನು ಕಂಡು ವೈದ್ಯರು ಯಾವುದೋ ಕ್ಷಾರದೋಷವೆಂದು ಬಗೆದಿದ್ದರು. ಅದು ಹೊರಹೋಗದೆ ಉಳಿದ ಇಂಗಾಲದ ಡೈಆಕ್ಸೈಡಿನ ಗುರುತು ಎಂದು ಗ್ರಹಿಸಿದವರು ಅರಿವಳಿಕೆಯ ತಜ್ಞ ಬ್ಯೋರ್ನ್ ಇಬ್ಸೆನ್. ಆಗಸ್ಟ್ ೨೭ರಂದು ಹನ್ನೆರಡು ವರ್ಷದ ಬಾಲಿಕೆಯೊಬ್ಬಳ ಗಂಟಲಿನಲ್ಲಿ ರಂಧ್ರ ಮಾಡಿ, ಕೊಳವೆಯಿರಿಸಿ, ರಬ್ಬರಿನ ಚೀಲವನ್ನು ಕೈಯಿಂದ ಹಿಸುಕಿ ಗಾಳಿಯನ್ನು ಒಳನೂಕಿದರು. ಅವಳು ಉಳಿದಳು. ಮುಂದೆ ತಿಂಗಳುಗಟ್ಟಲೆ ಹಗಲಿರುಳೂ ಸರದಿಯ ಮೇಲೆ ಚೀಲ ಹಿಸುಕಿದವರು ಸುಮಾರು ೧೫೦೦ ಮಂದಿ ವಿದ್ಯಾರ್ಥಿಗಳು. ಸಾವಿನ ಪ್ರಮಾಣ ಮೊದಲಿದ್ದುದರ ಅರ್ಧಕ್ಕಿಂತ ಕೆಳಗಿಳಿಯಿತು. ಮರುವರ್ಷ ಇಬ್ಸೆನ್ ಅದೇ ನಗರದಲ್ಲಿ ಇಂಥ ರೋಗಿಗಳಿಗಾಗಿಯೇ ಪ್ರತ್ಯೇಕ ಘಟಕವನ್ನು ತೆರೆದರು.

ಇಂದಿನ ವೆಂಟಿಲೇಟರು ಆ ವಿದ್ಯಾರ್ಥಿಗಳ ಕೈಗೆ ಬದಲಾಗಿ ಬಂದ ಯಂತ್ರ. ಅದು ರೋಗವನ್ನು ಗುಣಪಡಿಸುವುದಿಲ್ಲ. ದೇಹ ತಾನೇ ಗುಣವಾಗಲು ಕಾಲಾವಕಾಶ ದೊರಕಿಸುತ್ತದೆ. ರೋಗಿಗೆ ನಿದ್ದೆಯ ಮದ್ದು ಕೊಟ್ಟು, ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸುತ್ತಾರೆ. ಉಸಿರು ಬಿಟ್ಟ ಬಳಿಕವೂ ಸ್ವಲ್ಪ ಒತ್ತಡವನ್ನು ಒಳಗೆ ಉಳಿಸುತ್ತಾರೆ. ತುಸು ಹಿಗ್ಗಿದ ಬೆಲೂನನ್ನು ಪೂರ್ತಿ ಮುದುಡಗೊಡದೆ ಇಡುವುದೆಂದರೆ ಇದೇ. ಹಾಗಾದರೆ ದೊಡ್ಡ ದೊಡ್ಡ ಉಸಿರುಗಳನ್ನು ತುಂಬಬಾರದೇಕೆ? ಹಿಂದೆ ಹಾಗೆಯೇ ಮಾಡುತ್ತಿದ್ದರು. ಆದರೆ ಬೇನೆಬಿದ್ದ ಶ್ವಾಸಕೋಶದಲ್ಲಿ ಗಾಳಿಗೆ ತೆರೆದಿರುವ ಭಾಗ ಬಹಳ ಕಡಿಮೆ. ಇಟಲಿಯ ಗಟ್ಟಿನೋನಿ ಎಂಬ ವೈದ್ಯರು ಅದನ್ನು ಶಿಶುವಿನ ಶ್ವಾಸಕೋಶಕ್ಕೆ ಹೋಲಿಸಿದ್ದಾರೆ. ಅಲ್ಲಿಗೆ ದೊಡ್ಡವರ ಉಸಿರನ್ನು ನೂಕಿದರೆ ಉಳಿದ ವಾಯುಕೋಶಗಳೂ ಹರಿಯುತ್ತವೆ. ೨೦೦೦ದಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ, ದೇಹತೂಕದ ಕಿಲೋಗ್ರಾಮಿಗೆ ೧೨ ಮಿಲಿಲೀಟರಿನಂತೆ ಉಸಿರು ಕೊಟ್ಟವರಲ್ಲಿ ನೂರಕ್ಕೆ ೪೦ ಮಂದಿ ಸತ್ತರೆ, ೬ ಮಿಲಿಲೀಟರಿನಂತೆ ಕೊಟ್ಟವರಲ್ಲಿ ೩೧ ಮಂದಿ ಸತ್ತರು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಒಂದು ಗುಂಡಿಯನ್ನು ಎಷ್ಟಕ್ಕೆ ತಿರುಗಿಸಬೇಕೆಂಬ ವಿವೇಕವಷ್ಟೆ. ಆ ತೂಕವನ್ನೂ ತಕ್ಕಡಿಯಿಂದ ತಿಳಿಯುವುದಿಲ್ಲ, ಎತ್ತರದಿಂದ ಲೆಕ್ಕಹಾಕುತ್ತಾರೆ. ಮನುಷ್ಯ ದಪ್ಪವಾದರೆ ಅವನ ಶ್ವಾಸಕೋಶ ದೊಡ್ಡದಾಗುವುದಿಲ್ಲ.

ಇದಕ್ಕಿಂತಲೂ ಅಗ್ಗವಾದ ಉಪಾಯವೊಂದುಂಟು: ರೋಗಿಯನ್ನು ಬೋರಲಾಗಿ ಮಲಗಿಸುವುದು. ಶ್ವಾಸಕೋಶದ ಹೆಚ್ಚಿನ ಪಾಲು ಬೆನ್ನಿನ ಕಡೆಗಿದೆ. ಅಂಗಾತ ಮಲಗಿದಾಗ ಹೃದಯದ ಭಾರವೂ ದ್ರವದ ಭಾರವೂ ಅದನ್ನು ಅದುಮುತ್ತವೆ. ಬೋರಲಾದರೆ ಆ ಭಾಗ ತೆರೆದುಕೊಳ್ಳುತ್ತದೆ. ೨೦೧೩ರ ಫ್ರೆಂಚರ ಪರೀಕ್ಷೆಯಲ್ಲಿ ದಿನಕ್ಕೆ ಹದಿನಾರು ಗಂಟೆಗಳಷ್ಟು ಹೀಗೆ ಮಲಗಿಸಿದವರಲ್ಲಿ ೨೮ ದಿನಗಳೊಳಗೆ ನೂರಕ್ಕೆ ೧೬ ಮಂದಿ ಸತ್ತರು. ಉಳಿದವರಲ್ಲಿ ೩೩ ಮಂದಿ. ಆದರೆ ಮೈತುಂಬ ಕೊಳವೆಗಳಿರುವ, ಎಚ್ಚರವಿಲ್ಲದ ಮನುಷ್ಯನನ್ನು ಮಗುಚಲು ಐದಾರು ಮಂದಿ ಪಳಗಿದವರು ಬೇಕು. ೨೦೨೧ರಲ್ಲಿ ವೆಂಟಿಲೇಟರುಗಳ ಸಂಖ್ಯೆಯನ್ನು ಎಲ್ಲರೂ ಎಣಿಸಿದರು; ಈ ಕೈಗಳನ್ನು ಎಣಿಸಿದವರು ವಿರಳ.

ಔಷಧಗಳ ಕತೆ ಬೇರೆ. ರಕ್ತರಸದ ಚಿಕಿತ್ಸೆಗಾಗಿ ಬಂಧುಗಳು ಊರೂರು ಅಲೆದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ೪೬೪ ರೋಗಿಗಳಲ್ಲಿ ಪರೀಕ್ಷಿಸಿ ಪ್ರಯೋಜನವಿಲ್ಲವೆಂದು ೨೦೨೦ರಲ್ಲಿಯೇ ತಿಳಿಸಿತ್ತು. ನಿಜವಾಗಿ ಪ್ರಾಣ ಉಳಿಸಿದ್ದು ೧೯೫೦ರ ದಶಕದ ಹಳೆಯ, ಅಗ್ಗದ ಸ್ಟೀರಾಯಿಡು ಡೆಕ್ಸಾಮೆಥಸೋನ್. ೨೦೨೦ರ ಜೂನಿನಲ್ಲಿ ಇಂಗ್ಲೆಂಡಿನ ದೊಡ್ಡ ಪರೀಕ್ಷೆಯೊಂದು ಇದನ್ನು ತೋರಿಸಿತು. ದಿನಕ್ಕೆ ೬ ಮಿಲಿಗ್ರಾಮು ಕೊಟ್ಟಾಗ ವೆಂಟಿಲೇಟರಿನಲ್ಲಿದ್ದವರ ಸಾವು ನೂರಕ್ಕೆ ೪೧ರಿಂದ ೨೯ಕ್ಕೆ ಇಳಿಯಿತು. ಆಮ್ಲಜನಕ ಮಾತ್ರ ಪಡೆಯುತ್ತಿದ್ದವರಲ್ಲಿ ೨೬ರಿಂದ ೨೩ಕ್ಕೆ. ಆಮ್ಲಜನಕವೇ ಬೇಡವಾಗಿದ್ದವರಲ್ಲಿ ಪ್ರಯೋಜನ ಕಾಣಲಿಲ್ಲ. ಸಾವು ೧೪ರ ಬದಲು ೧೮ರಷ್ಟು ಕಂಡಿತು. ಕಾರಣ ಊಹಿಸಬಹುದು. ಮೊದಲ ವಾರ ದೇಹ ವೈರಸ್ಸಿನೊಡನೆ ಹೋರಾಡುತ್ತದೆ. ಆಗ ಅದರ ಕೈಕಟ್ಟಿದರೆ ವೈರಸ್ಸಿಗೇ ಅನುಕೂಲ. ಎರಡನೆಯ ವಾರದಲ್ಲಿ ಕೆಲವರಲ್ಲಿ ದೇಹದ ರಕ್ಷಣಾಶಕ್ತಿಯೇ ಹದ್ದುಮೀರಿ ತನ್ನ ಶ್ವಾಸಕೋಶವನ್ನು ಸುಡತೊಡಗುತ್ತದೆ; ಆಗ ಅದನ್ನು ತಗ್ಗಿಸುವುದೇ ಚಿಕಿತ್ಸೆ. ಈ ಭೇದವನ್ನು ಗಮನಿಸದೆ ಜ್ವರದ ಮೊದಲ ದಿನದಿಂದಲೇ ಸ್ಟೀರಾಯಿಡು ನುಂಗಿದವರುಂಟು. ಅದು ರಕ್ತದ ಸಕ್ಕರೆಯನ್ನೂ ಏರಿಸುತ್ತದೆ. ೨೦೨೧ರ ಮೇ ತಿಂಗಳಲ್ಲಿ ಸಕ್ಕರೆ ಕಾಯಿಲೆಯವರ ಮೂಗು ಕಣ್ಣುಗಳನ್ನು ಕೊಳೆಯಿಸಿದ ಕಪ್ಪು ಶಿಲೀಂಧ್ರದ ಬೇನೆಗೆ ಇದೂ ಒಂದು ಕಾರಣವಾಗಿತ್ತು.

ತೆಂಗಿನ ನಾಡಿಗೆ ಸಂಬಂಧಿಸಿದ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ರೋಗಿಗೆ ಎಳನೀರು ಕೊಂಡೊಯ್ಯುವುದು ನಮ್ಮವರ ಪ್ರೀತಿಯ ಪದ್ಧತಿ. ಸಾಧಾರಣ ಜ್ವರದಲ್ಲಿ ಅದರಿಂದ ಹಿತವೇ. ಆದರೆ ತೀವ್ರ ನಿಗಾ ಘಟಕದಲ್ಲಿರುವವರಲ್ಲಿ ಅನೇಕರ ಮೂತ್ರಪಿಂಡಗಳೂ ಸೋತಿರುತ್ತವೆ. ಎಳನೀರಿನಲ್ಲಿ ಪೊಟ್ಯಾಸಿಯಂ ಲವಣ ವಿಶೇಷವಾಗಿದೆ. ಕೆಟ್ಟ ಮೂತ್ರಪಿಂಡ ಅದನ್ನು ಹೊರಹಾಕಲಾರದು. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತ ತಪ್ಪಿ ನಿಂತೇಹೋಗಬಹುದು. ದಾದಿಯು ಎಳನೀರನ್ನು ಬಾಗಿಲಿನಲ್ಲಿಯೇ ತಡೆದರೆ ಅದು ನಿರ್ದಯೆಯಲ್ಲ.

ವೆಂಟಿಲೇಟರಿನಿಂದ ಬಿಡಿಸುವುದೂ ಒಂದು ವಿದ್ಯೆ. ಯಂತ್ರದ ನೆರವನ್ನು ತಗ್ಗಿಸಿ ಅರ್ಧ ಗಂಟೆಯ ಕಾಲ ರೋಗಿಯೇ ಉಸಿರಾಡುವಂತೆ ಬಿಟ್ಟು ನೋಡುತ್ತಾರೆ. ತಡೆದುಕೊಂಡರೆ ಕೊಳವೆಯನ್ನು ತೆಗೆಯುತ್ತಾರೆ. ವಾರಗಟ್ಟಲೆ ಮಲಗಿದವನ ಸ್ನಾಯುಗಳು ಕರಗಿರುತ್ತವೆ. ಲೋಟವನ್ನು ಬಾಯಿಗೆ ಎತ್ತುವುದನ್ನೂ ಮತ್ತೆ ಅಭ್ಯಾಸ ಮಾಡಬೇಕಾಗುತ್ತದೆ. ಚೇತರಿಕೆಯನ್ನು ಅಳೆಯಲು ಆರು ನಿಮಿಷದ ನಡಿಗೆಯ ಪರೀಕ್ಷೆಯಿದೆ: ಎಷ್ಟು ದೂರ ನಡೆದ, ನಡೆಯುವಾಗ ಸಂತೃಪ್ತಿ ಎಷ್ಟು ಇಳಿಯಿತು ಎಂಬುದನ್ನು ಗುರುತಿಸುತ್ತಾರೆ. ಮರ ಹತ್ತಿ ಕಾಯಿ ಕೆಡಹುವ ಕಸುಬಿನವನಿಗೆ ಈ ಪರೀಕ್ಷೆ ಬರಿಯ ಔಪಚಾರಿಕವಲ್ಲ. ಕುಳಿತಾಗ ೯೭ ಇದ್ದ ಅಂಕಿ ನಾಲ್ಕು ಹೆಜ್ಜೆಗೆ ೮೮ ಆಗುವುದಾದರೆ ಅರ್ಧ ಮರದಲ್ಲಿ ಅವನ ತಲೆ ಸುತ್ತುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ೨೦೨೩ರ ಮೇ ೫ರಂದು ಕೊರೋನಾದ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಪಿಡುಗಿಗಾಗಿ ಬಂದ ಯಂತ್ರಗಳಿಗೆ ಕೆಲಸ ಮುಗಿದಿಲ್ಲ. ತೋಟದಲ್ಲಿ ಕಾಯಿ ಆಯುವಾಗ ನಾಗರಹಾವು ಕಚ್ಚಿದರೆ, ಅಥವಾ ರಾತ್ರಿ ನೆಲದ ಮೇಲೆ ಮಲಗಿದವನನ್ನು ಕಟ್ಟುಹಾವು ಕಚ್ಚಿದರೆ, ವಿಷವು ನರಗಳಿಂದ ಸ್ನಾಯುಗಳಿಗೆ ಹೋಗುವ ಆಜ್ಞೆಯನ್ನು ತಡೆಯುತ್ತದೆ. ಮೊದಲು ಕಣ್ಣೆವೆಗಳು ಇಳಿಬೀಳುತ್ತವೆ, ಆಮೇಲೆ ಉಸಿರಾಟ ನಿಲ್ಲುತ್ತದೆ. ಪ್ರತಿವಿಷದ ಜೊತೆಗೆ ಅವನಿಗೆ ಬೇಕಾದುದು ಉಸಿರಿನ ಆಸರೆ ಮಾತ್ರ. ತಾಲ್ಲೂಕು ಆಸ್ಪತ್ರೆಯಲ್ಲಿ ಕೊಳವೆಯಿಳಿಸಿ, ಕೋಪನ್‌ಹೇಗನ್ನಿನ ವಿದ್ಯಾರ್ಥಿಗಳು ಹಿಸುಕಿದಂಥದೇ ಚೀಲವನ್ನು ಕೈಯಿಂದ ಹಿಸುಕುತ್ತ ತುಮಕೂರಿನವರೆಗೆ ಸಾಗಿಸಿದರೆ, ಕೆಲವು ದಿನಗಳಲ್ಲಿ ವಿಷದ ಹಿಡಿತ ಸಡಿಲಿ ಸ್ನಾಯುಗಳು ತಾವಾಗಿಯೇ ಮತ್ತೆ ಆಡತೊಡಗುತ್ತವೆ. ಅವನ ಶ್ವಾಸಕೋಶಕ್ಕೆ ಮೊದಲಿನಿಂದಲೂ ಏನೂ ಆಗಿರುವುದಿಲ್ಲ.